ಅಜ್ಜಿಯ ಸಿಹಿ ಮಾತ್ರೆ, ಮೊಮ್ಮಗಳ ಲೆಕ್ಕದ ಪುಸ್ತಕ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಕಬ್ಬು ಬೆಳೆಗಾರ. ನನ್ನ ಮಗಳಿಗೆ ಈಗ 13 ವರ್ಷ. ಹುಟ್ಟಿದ ಎರಡನೆಯ ವಾರದಲ್ಲಿಯೇ ಹಿಮ್ಮಡಿಯ ರಕ್ತಪರೀಕ್ಷೆಯಿಂದ ಆಕೆಗೆ ಫೀನೈಲ್‌ಕೀಟೋನೂರಿಯಾ (ಪಿಕೆಯು) ಇದೆಯೆಂದು ತಿಳಿಯಿತು. ಅಂದಿನಿಂದ ಆಹಾರದ ಲೆಕ್ಕ ಬರೆದಿಡುತ್ತಿದ್ದೇವೆ. ಪ್ರೋಟೀನಿನಲ್ಲಿರುವ ಫೀನೈಲಲನೀನ್ ಎಂಬ ಅಂಶ ದಿನಕ್ಕೆ 300 ಮಿ.ಗ್ರಾಂ ಮೀರಬಾರದೆಂದು ವೈದ್ಯರು ಹೇಳಿದ್ದಾರೆ. ಬೇಸಿಗೆ ರಜೆಯಲ್ಲಿ ಅವಳು ಹತ್ತು ದಿನ ಮಂಡ್ಯದ ಅಜ್ಜಿಯ ಮನೆಯಲ್ಲಿದ್ದಳು. ಸಕ್ಕರೆ ಕಾಯಿಲೆಯಿರುವ ಅಜ್ಜಿ, ಹುಷಾರಿಲ್ಲದ ಮಗುವಿಗೆ ಸಕ್ಕರೆ ಒಳ್ಳೆಯದಲ್ಲವೆಂದು ತಿಳಿದು, ಮನೆಯಲ್ಲಿ ಸಕ್ಕರೆಯನ್ನು ಪೂರ್ತಿ ನಿಲ್ಲಿಸಿ, ಬೆಳಿಗ್ಗೆ ಸಂಜೆ ಅವಳ ಕಾಫಿಗೆ ತಮ್ಮ ಸಿಹಿ ಮಾತ್ರೆ ಎರಡೆರಡು ಹಾಕಿದ್ದಾರೆ. ಹಾಲು ಮಾತ್ರ ನಾವು ಹೇಳಿದಂತೆ ಅಳೆದೇ ಹಾಕಿದ್ದಾರೆ. ಮನೆಗೆ ಬಂದ ಮೇಲೆ ಪರೀಕ್ಷಿಸಿದಾಗ ರಕ್ತದಲ್ಲಿ ಫೀನೈಲಲನೀನ್ ಮಟ್ಟ 5ರಿಂದ 9ಕ್ಕೆ ಏರಿತ್ತು. ಮಾತ್ರೆಯ ಡಬ್ಬಿಯಲ್ಲಿ ಆಸ್ಪಾರ್ಟೇಮ್ ಎಂದು ಬರೆದಿದೆ. ಮಗಳ ಮಿದುಳಿಗೆ ಹಾನಿಯಾಗಿದೆಯೇ? ಮುಂದಿನ ತಿಂಗಳು ಮನೆಯಲ್ಲಿ ಮದುವೆಯಿದೆ. ಸಕ್ಕರೆಯಿಲ್ಲದ ಮೈಸೂರು ಪಾಕ್ ಮಾಡಿಸಿದರೆ ಅವಳಿಗೆ ಕೊಡಬಹುದೇ? ಆಸ್ಪತ್ರೆಯಲ್ಲಿ ಪರಿಚಯವಾದ ಮೈಸೂರಿನ ಕುಟುಂಬವೊಂದರ ಹುಡುಗನಿಗೂ ಹುಟ್ಟಿನಿಂದ ಬಂದ ಇಂಥದೇ ಕಾಯಿಲೆಯಿದೆ, ಫ್ರಕ್ಟೋಸ್ ಆಗುವುದಿಲ್ಲವಂತೆ. ಅವನಿಗೆ ಇದೇ ಮಾತ್ರೆ ಕೊಡಬಹುದೆಂದು ವೈದ್ಯರೇ ಹೇಳಿದ್ದಾರಂತೆ. ಒಬ್ಬರಿಗೆ ಆಗುವುದು ಇನ್ನೊಬ್ಬರಿಗೆ ಏಕೆ ಆಗುವುದಿಲ್ಲ? ಆರೋಗ್ಯವಾಗಿರುವ ನನ್ನ ಮಗನೂ ಅಜ್ಜಿಯೂ ಇದನ್ನು ಬಿಡಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ಅವುಗಳ ಬೆನ್ನಿಗಿರುವುದು ಒಂದೇ ಭಯ: ಆ ಮಾತ್ರೆ ಮಗಳ ಮೈಯಲ್ಲಿ ವಿಷವಾಯಿತೇ ಎಂಬುದು. ವಿಷವಾಗಿಲ್ಲ. ಪಿಕೆಯು ಇರುವವರ ಪಾಲಿಗೆ ಆಸ್ಪಾರ್ಟೇಮ್ ಎಂದರೆ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಬಿಟ್ಟುಹೋದ ಖರ್ಚು. ಖರ್ಚು ಸಣ್ಣದೋ ದೊಡ್ಡದೋ ಎಂಬುದನ್ನು ಕೂಡಿ ಕಳೆದು ನೋಡಿಯೇ ಹೇಳಬೇಕು. ನಿಮ್ಮ ಮಗಳ ವಿಷಯದಲ್ಲಿ ಕೂಡಿ ನೋಡಿದಾಗ ಸಿಕ್ಕಿದ ಉತ್ತರ ನನಗೂ ಸ್ವಲ್ಪ ಬೇರೆಯಾಗಿಯೇ ಕಂಡಿತು. ಆದ್ದರಿಂದ ಹಂತಹಂತವಾಗಿ ಹೇಳುತ್ತೇನೆ.

ನಾವು ತಿನ್ನುವ ಪ್ರೋಟೀನ್ ಹೊಟ್ಟೆಯಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಅವುಗಳಲ್ಲಿ ಫೀನೈಲಲನೀನ್ ಒಂದು. ದೇಹಕ್ಕೆ ಅದು ಸ್ವಲ್ಪ ಬೇಕೇ ಬೇಕು. ಹೆಚ್ಚಾದದ್ದನ್ನು ಯಕೃತ್ತಿನಲ್ಲಿರುವ ಒಂದು ಕಿಣ್ವವು ಟೈರೋಸಿನ್ ಎಂಬ ಮತ್ತೊಂದು ಅಮೈನೋ ಆಮ್ಲವಾಗಿ ಬದಲಾಯಿಸುತ್ತದೆ. ಪಿಕೆಯು ಇರುವವರಲ್ಲಿ ಈ ಕಿಣ್ವವನ್ನು ರೂಪಿಸುವ ಜೀನ್ ಕೆಟ್ಟಿರುವುದರಿಂದ ಫೀನೈಲಲನೀನ್ ರಕ್ತದಲ್ಲಿ ಉಳಿದು, ಮಿದುಳಿಗೆ ಹೋಗಿ, ಬೆಳೆಯುವ ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಈ ರೋಗವನ್ನು ಮೊದಲು ಗುರುತಿಸಿದವರು ನಾರ್ವೆಯ ವೈದ್ಯ ಆಸ್ಬ್‌ಯೋರ್ನ್ ಫೋಲಿಂಗ್, 1934ರಲ್ಲಿ. ತನ್ನ ಇಬ್ಬರು ಮಕ್ಕಳ ಮೈಯಿಂದ ಬರುತ್ತಿದ್ದ ವಿಚಿತ್ರ ವಾಸನೆಗೆ ಕಾರಣ ಹುಡುಕುತ್ತ ವೈದ್ಯರಿಂದ ವೈದ್ಯರಿಗೆ ಅಲೆದ ತಾಯಿಯೊಬ್ಬಳ ಹಟ ಅದರ ಹಿಂದಿತ್ತು. ಆಹಾರದಿಂದಲೇ ಇದನ್ನು ಹತೋಟಿಗೆ ತರಬಹುದೆಂದು ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಬರ್ಮಿಂಗ್‌ಹ್ಯಾಮಿನಲ್ಲಿ ತೋರಿಸಿಕೊಟ್ಟದ್ದು 1953ರಲ್ಲಿ. ನಿಮ್ಮ ಮಗಳನ್ನು ಉಳಿಸಿದ ಹಿಮ್ಮಡಿಯ ರಕ್ತದ ಹನಿಯ ಪರೀಕ್ಷೆ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ರಾಬರ್ಟ್ ಗಥ್ರಿ ಅವರಿಂದ.

ಆರೋಗ್ಯವಂತರ ರಕ್ತದಲ್ಲಿ ಫೀನೈಲಲನೀನ್ ಪ್ರತಿ ಡೆಸಿಲೀಟರಿಗೆ 1ರಿಂದ 2 ಮಿ.ಗ್ರಾಂ ಇರುತ್ತದೆ. ಚಿಕಿತ್ಸೆಯಿಲ್ಲದ ತೀವ್ರ ಪಿಕೆಯುವಿನಲ್ಲಿ ಅದು 20ನ್ನು ದಾಟುತ್ತದೆ. ಚಿಕಿತ್ಸೆಯಲ್ಲಿರುವವರಿಗೆ 2ರಿಂದ 6ರ ನಡುವೆ ಇಟ್ಟುಕೊಳ್ಳುವುದು ಸಾಮಾನ್ಯ ಗುರಿ. 12 ವರ್ಷ ದಾಟಿದವರಿಗೆ 10ರವರೆಗೂ ಒಪ್ಪುವ ಮಾರ್ಗಸೂಚಿ ಯುರೋಪಿನಲ್ಲಿದೆ. ಕೆಲವು ಪ್ರಯೋಗಾಲಯಗಳು ಇದನ್ನೇ ಮೈಕ್ರೋಮೋಲ್‌ಗಳಲ್ಲಿ ಬರೆಯುತ್ತವೆ. ಅಲ್ಲಿ 6 ಎಂಬುದು ಸುಮಾರು 360 ಆಗಿ ಕಾಣುತ್ತದೆ. ಒಂದು ವರದಿಯಲ್ಲಿ 5 ಇದ್ದದ್ದು ಮತ್ತೊಂದರಲ್ಲಿ 300 ಆಯಿತೆಂದು ಗಾಬರಿಯಾಗಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ ತಂದೆತಾಯಿಯರನ್ನು ಕಂಡಿದ್ದೇನೆ, ಆದ್ದರಿಂದ ಈ ಮಾತು.

ಈಗ 9 ಎಂದರೇನು? 6ರ ಗುರಿಯನ್ನು ಮೀರಿದ ಮಟ್ಟ, ಆದರೆ ಅನಾಹುತದ ಮಟ್ಟವಲ್ಲ. ಪಿಕೆಯುವಿನಲ್ಲಿ ಕಾಯಂ ಹಾನಿಯಾಗುವುದು ಮಟ್ಟವು ತಿಂಗಳು ವರ್ಷಗಳ ಕಾಲ ಏರಿಯೇ ಇದ್ದಾಗ, ಅದರಲ್ಲೂ ಮೊದಲ ಕೆಲವು ವರ್ಷಗಳಲ್ಲಿ. ಹದಿಮೂರರ ಹುಡುಗಿಯಲ್ಲಿ ಹತ್ತು ದಿನದ ಏರಿಕೆಯಿಂದ ಗಮನ ಚದುರುವುದು, ಸಿಡುಕು, ಓದಿದ್ದು ತಲೆಗೆ ಹತ್ತದಿರುವುದು ಇಂಥವು ಕಾಣಬಹುದು. ಮಟ್ಟ ಇಳಿದಂತೆ ಇವೂ ಇಳಿಯುತ್ತವೆ. ಹಳೆಯ ಲೆಕ್ಕಕ್ಕೆ ಮರಳಿದರೆ ಕೆಲವೇ ದಿನಗಳಲ್ಲಿ ರಕ್ತವೂ ಹಳೆಯ ಮಟ್ಟಕ್ಕೆ ಮರಳುತ್ತದೆ.

ಇನ್ನು ಮಾತ್ರೆಯ ಲೆಕ್ಕ. ಆಸ್ಪಾರ್ಟೇಮ್ ಎಂಬುದು ಎರಡು ಅಮೈನೋ ಆಮ್ಲಗಳ ಜೋಡಿ: ಒಂದು ಆಸ್ಪಾರ್ಟಿಕ್ ಆಮ್ಲ, ಮತ್ತೊಂದು ಫೀನೈಲಲನೀನ್. ಜೊತೆಗೆ ಬಾಲದಂತೆ ಸ್ವಲ್ಪ ಮೆಥನಾಲ್ ಅಂಟಿಕೊಂಡಿದೆ. 1965ರಲ್ಲಿ ಜೇಮ್ಸ್ ಶ್ಲಾಟರ್ ಎಂಬ ರಸಾಯನಶಾಸ್ತ್ರಜ್ಞ ಹೊಟ್ಟೆಹುಣ್ಣಿನ ಔಷಧಕ್ಕಾಗಿ ದುಡಿಯುತ್ತಿದ್ದಾಗ, ಬೆರಳಿಗೆ ಮೆತ್ತಿದ್ದ ಪುಡಿಯನ್ನು ಅರಿಯದೆ ನೆಕ್ಕಿದ್ದರಿಂದ ಇದರ ಸಿಹಿ ಪತ್ತೆಯಾಯಿತು. ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿಯಾದ್ದರಿಂದ ತೀರಾ ಕಡಿಮೆ ಸಾಕು. ಅದರ ತೂಕದಲ್ಲಿ ಶೇಕಡಾ 56ರಷ್ಟು ಫೀನೈಲಲನೀನ್. ನಮ್ಮಲ್ಲಿ ಮಾರುವ ಮಾತ್ರೆಯೊಂದರಲ್ಲಿ ಸಾಮಾನ್ಯವಾಗಿ 18 ಮಿ.ಗ್ರಾಂನಷ್ಟು ಆಸ್ಪಾರ್ಟೇಮ್ ಇರುತ್ತದೆ. ಅಂದರೆ ಮಾತ್ರೆಗೆ ಸುಮಾರು 10 ಮಿ.ಗ್ರಾಂ ಫೀನೈಲಲನೀನ್. ಅಜ್ಜಿ ದಿನಕ್ಕೆ ನಾಲ್ಕು ಮಾತ್ರೆ ಹಾಕಿದ್ದಾರೆ. ಹಾಗಾದರೆ ದಿನಕ್ಕೆ 40 ಮಿ.ಗ್ರಾಂ. ಬಿಸಿ ಕಾಫಿಗೆ ಹಾಕಿದ್ದರಿಂದ ಇದು ಕಡಿಮೆಯಾಗುವುದಿಲ್ಲ: ಕಾಯಿಸಿದರೆ ಆಸ್ಪಾರ್ಟೇಮಿನ ಸಿಹಿ ಕುಂದುತ್ತದೆಯೇ ಹೊರತು ಅದರೊಳಗಿನ ಫೀನೈಲಲನೀನ್ ಆವಿಯಾಗಿ ಹೋಗುವುದಿಲ್ಲ.

ಮುನ್ನೂರರ ಲೆಕ್ಕದಲ್ಲಿ ನಲವತ್ತು ಎಂದರೆ ಏಳನೆಯ ಒಂದು ಭಾಗಕ್ಕಿಂತ ಕಡಿಮೆ. ಅದು ಉಪೇಕ್ಷಿಸುವಂಥದ್ದಲ್ಲ, ಆದರೆ ಅಷ್ಟರಿಂದಲೇ ಮಟ್ಟ 5ರಿಂದ 9ಕ್ಕೆ ಹಾರುವುದೂ ನನ್ನ ಅನುಭವಕ್ಕೆ ಒಗ್ಗುವುದಿಲ್ಲ. ಬೇರೆ ಏನೋ ಸೇರಿಕೊಂಡಿರಬೇಕು. ನಿಮ್ಮ ಪತ್ರದಲ್ಲಿಯೇ ಅದರ ಸುಳಿವಿದೆ, ನೀವದನ್ನು ಹಾದುಹೋಗುತ್ತ ಬರೆದಿದ್ದೀರಿ: ಅಜ್ಜಿ ಮನೆಯಲ್ಲಿ ಸಕ್ಕರೆಯನ್ನು ಪೂರ್ತಿ ನಿಲ್ಲಿಸಿದರು.

ಸಕ್ಕರೆ ಕಾಯಿಲೆಯ ಪಥ್ಯ ಮತ್ತು ಪಿಕೆಯುವಿನ ಪಥ್ಯ ಒಂದಕ್ಕೊಂದು ಬೆನ್ನು ಮಾಡಿ ನಿಂತಿವೆ. ಅಜ್ಜಿಗೆ ಸಕ್ಕರೆ ಕಡಿಮೆ ಮಾಡಿ ಬೇಳೆ, ಕಾಳು, ಮೊಸರು ಹೆಚ್ಚಿಸಿರೆಂದು ಹೇಳುತ್ತೇವೆ. ಮೊಮ್ಮಗಳಿಗೆ ಬೇಳೆ, ಕಾಳು, ಮೊಸರೇ ಅಪಾಯ. ಸಕ್ಕರೆಯಲ್ಲಿ ಪ್ರೋಟೀನ್ ಇಲ್ಲವಾದ್ದರಿಂದ ಫೀನೈಲಲನೀನ್ ಕೂಡ ಇಲ್ಲ. ನಿಮ್ಮ ಗದ್ದೆಯ ಕಬ್ಬು ಕಾರ್ಖಾನೆಯಲ್ಲಿ ಅರೆದು ಬಿಳಿ ಹರಳಾಗಿ ಬಂದಾಗ ಅದು ನಿಮ್ಮ ಮಗಳು ಲೆಕ್ಕವಿಲ್ಲದೆ ತಿನ್ನಬಹುದಾದ ಕೆಲವೇ ವಸ್ತುಗಳಲ್ಲಿ ಒಂದು. ತುಪ್ಪ, ಎಣ್ಣೆ, ಸಬ್ಬಕ್ಕಿ ಇವೂ ಹೆಚ್ಚುಕಡಿಮೆ ಅದೇ ಸಾಲಿಗೆ ಸೇರುತ್ತವೆ. ಬೆಲ್ಲದಲ್ಲಿ ಪ್ರೋಟೀನ್ ಅತ್ಯಲ್ಪ. ಸಕ್ಕರೆ ನಾಡೆಂದು ಹೆಸರಾದ, 1933ರಿಂದ ಸಕ್ಕರೆ ಕಾರ್ಖಾನೆಯಿರುವ ಮಂಡ್ಯದಲ್ಲಿ ಹುಟ್ಟಿದ ಮಗುವಿಗೆ ಸಕ್ಕರೆಯನ್ನು ತಪ್ಪಿಸಿ, ಅದಕ್ಕೆ ಬದಲಾಗಿ ಫೀನೈಲಲನೀನ್ ಬೆರೆತ ಮಾತ್ರೆಯನ್ನು ಪ್ರೀತಿಯಿಂದ ಕೊಟ್ಟದ್ದನ್ನು ಓದಿ ನನಗೆ ನಗುವೂ ಬಂತು, ಸಂಕಟವೂ ಆಯಿತು. ಅಜ್ಜಿಯನ್ನು ದೂರಬೇಡಿ, ಎರಡು ಪಥ್ಯಗಳ ಈ ವ್ಯತ್ಯಾಸವನ್ನು ಅವರಿಗೆ ಕೂರಿಸಿ ವಿವರಿಸುವ ಕೆಲಸ ನಮ್ಮಂಥವರು ಮಾಡಬೇಕಿತ್ತು.

ಸಕ್ಕರೆ ನಿಲ್ಲಿಸಿದ್ದರಿಂದ ಮಟ್ಟ ಏರುವುದು ಹೇಗೆಂದು ನೀವು ಕೇಳಬಹುದು. ಪಿಕೆಯು ಇರುವ ಮಗುವಿನ ತಟ್ಟೆಯಲ್ಲಿ ಮುದ್ದೆ, ಅನ್ನ, ಸಾರು ಎಲ್ಲವೂ ಅಳತೆಯಲ್ಲಿರುವುದರಿಂದ, ದಿನದ ಶಕ್ತಿಯ ಬಹುಪಾಲನ್ನು ಸಕ್ಕರೆ, ಎಣ್ಣೆ, ಪಿಷ್ಟಗಳಿಂದಲೇ ತುಂಬಬೇಕಾಗುತ್ತದೆ. ಕಾಫಿ, ಪಾನಕ, ಸಬ್ಬಕ್ಕಿ ಪಾಯಸ ಎಲ್ಲದರಿಂದ ದಿನಕ್ಕೆ 60 ಗ್ರಾಂ ಸಕ್ಕರೆ ಹೊರಟುಹೋದರೆ 240 ಕ್ಯಾಲೊರಿ ಹೊರಟುಹೋದಂತೆ. ಆ ಖೋತಾ ಬಿದ್ದಾಗ ದೇಹ ಸುಮ್ಮನಿರುವುದಿಲ್ಲ. ತನ್ನ ಸ್ನಾಯುಗಳ ಪ್ರೋಟೀನನ್ನೇ ಒಡೆದು ಉರಿಸಲು ತೊಡಗುತ್ತದೆ. ಹೊರಗಿನಿಂದ ತಿಂದ ಪ್ರೋಟೀನಾಗಲಿ ಒಳಗಿನಿಂದ ಒಡೆದ ಪ್ರೋಟೀನಾಗಲಿ, ಅದರಲ್ಲಿರುವ ಫೀನೈಲಲನೀನ್ ಬಂದು ಸೇರುವುದು ಅದೇ ರಕ್ತಕ್ಕೆ. ಜ್ವರ ಬಂದಾಗ, ಉಪವಾಸವಿದ್ದಾಗ ಮಟ್ಟ ಏರುವುದಕ್ಕೂ ಇದೇ ಕಾರಣ. ಆ ಹತ್ತು ದಿನಗಳಲ್ಲಿ ಮಗಳ ತೂಕ ಇಳಿದಿದೆಯೇ ಎಂದು ನೋಡಿ. ಇಳಿದಿದ್ದರೆ ಮುಖ್ಯ ಕಳ್ಳ ಇವನೇ, ಮಾತ್ರೆ ಅವನ ಜೊತೆಗಾರ.

ಇನ್ನೂ ಎರಡು ಸಂಗತಿಗಳನ್ನು ಮಗಳನ್ನೇ ಕೇಳಿ. ಗದರಿಸದೆ ಕೇಳಿ, ಇಲ್ಲವಾದರೆ ನಿಜ ಬರುವುದಿಲ್ಲ. ಮೊದಲನೆಯದು, ಅಲ್ಲಿನ ಓರಗೆಯ ಮಕ್ಕಳ ಜೊತೆ ಡಯಟ್ ಅಥವಾ ಸಕ್ಕರೆರಹಿತ ಎಂದು ಬರೆದ ತಂಪು ಪಾನೀಯ ಕುಡಿದಳೇ? ಕೇವಲ ಆಸ್ಪಾರ್ಟೇಮಿನಿಂದ ಸಿಹಿಗೊಳಿಸಿದ 350 ಮಿ.ಲೀ. ಕ್ಯಾನಿನಲ್ಲಿ ಸುಮಾರು 180 ಮಿ.ಗ್ರಾಂನಷ್ಟು ಆಸ್ಪಾರ್ಟೇಮ್ ಇರಬಹುದು. ಅಂದರೆ 100 ಮಿ.ಗ್ರಾಂ ಫೀನೈಲಲನೀನ್, ಅವಳ ಇಡೀ ದಿನದ ಪಾಲಿನ ಮೂರನೆಯ ಒಂದು ಭಾಗ. ಅಷ್ಟು ಫೀನೈಲಲನೀನನ್ನು ಅನ್ನದ ರೂಪದಲ್ಲಿ ಖರ್ಚು ಮಾಡಿದ್ದರೆ ಹೊಟ್ಟೆಯಾದರೂ ತುಂಬುತ್ತಿತ್ತು. ಹಲವು ಪಾನೀಯಗಳಲ್ಲಿ ಈಗ ಎರಡು ಮೂರು ಸಿಹಿಕಾರಕಗಳ ಮಿಶ್ರಣವಿರುವುದರಿಂದ ಪ್ರಮಾಣ ಇದಕ್ಕಿಂತ ಕಡಿಮೆಯೂ ಇರಬಹುದು. ಆದರೆ ಎಷ್ಟೆಂದು ಡಬ್ಬಿಯ ಮೇಲೆ ಬರೆದಿರುವುದು ಅಪರೂಪ. ಲೆಕ್ಕಕ್ಕೆ ಸಿಗದ ವಸ್ತುವನ್ನು ಲೆಕ್ಕದ ಮನೆಯೊಳಗೆ ಬಿಟ್ಟುಕೊಳ್ಳದಿರುವುದೇ ವಾಸಿ. ಸಕ್ಕರೆ ಹಾಕಿದ ಸಾಧಾರಣ ಪಾನೀಯ ಈ ಹುಡುಗಿಗೆ ಅದಕ್ಕಿಂತ ಸುರಕ್ಷಿತ. ಆಹಾರತಜ್ಞೆಯಾಗಿ ಈ ವಾಕ್ಯ ಬರೆಯುವ ಸಂದರ್ಭ ನನಗೆ ಹೆಚ್ಚು ಬರುವುದಿಲ್ಲ.

ಎರಡನೆಯದು ಔಷಧ. ಅಗಿದು ತಿನ್ನುವ ವಿಟಮಿನ್ ಮತ್ತು ಕ್ಯಾಲ್ಸಿಯಂ ಮಾತ್ರೆ, ಬಾಯಲ್ಲಿ ಕರಗುವ ಮಾತ್ರೆ, ನೀರಿನಲ್ಲಿ ಬುಸುಗುಟ್ಟಿ ಕರಗುವ ಮಾತ್ರೆ, ಮಕ್ಕಳ ಆ್ಯಂಟಿಬಯಾಟಿಕ್ ಪುಡಿ, ಕೆಲವು ಕೆಮ್ಮಿನ ಸಿರಪ್, ಹಣ್ಣಿನ ರುಚಿಯ ಪುಡಿಗಳು ಇವುಗಳಲ್ಲಿ ಆಸ್ಪಾರ್ಟೇಮ್ ಬಹಳ ಸಾಮಾನ್ಯ. ಔಷಧದಲ್ಲಿ ಗುಣ ಕೊಡುವ ವಸ್ತುವಿನ ಹೆಸರನ್ನು ಎಲ್ಲರೂ ನೋಡುತ್ತಾರೆ, ರುಚಿಗೆ ಬೆರೆಸಿದ್ದನ್ನು ಯಾರೂ ನೋಡುವುದಿಲ್ಲ. ಔಷಧದಂಗಡಿಯವರಿಗೆ ಇದರಲ್ಲಿ ಆಸ್ಪಾರ್ಟೇಮ್ ಇದೆಯೇ ಎಂದು ನೇರವಾಗಿ ಕೇಳಿ, ಒಳಗಿನ ಚೀಟಿ ತೆರೆದು ತೋರಿಸಿರೆಂದು ಹೇಳಿ. ಆದರೆ ತೀವ್ರ ಸೋಂಕಾಗಿ ಬೇರೆ ಔಷಧ ಸಿಗದೇ ಇದ್ದಾಗ ಆಸ್ಪಾರ್ಟೇಮ್ ಇದೆಯೆಂದು ಆ್ಯಂಟಿಬಯಾಟಿಕ್ ನಿಲ್ಲಿಸಬೇಡಿ. ವಾರದ ಔಷಧದಿಂದ ಬರುವ ಕೆಲವು ಮಿಲಿಗ್ರಾಂಗಿಂತ ವಾಸಿಯಾಗದ ಜ್ವರವೇ ಮಟ್ಟವನ್ನು ಹೆಚ್ಚು ಏರಿಸುತ್ತದೆ.

ಲೇಬಲ್ ಓದುವುದರ ಬಗ್ಗೆ. ಆಸ್ಪಾರ್ಟೇಮ್ ಬೆರೆಸಿದ ಆಹಾರದ ಪೊಟ್ಟಣದ ಮೇಲೆ, ಇದು ಫೀನೈಲ್‌ಕೀಟೋನೂರಿಯಾ ಇರುವವರಿಗಲ್ಲ ಎಂಬ ಎಚ್ಚರಿಕೆ ಇರಲೇಬೇಕೆಂಬುದು ನಮ್ಮ ಆಹಾರ ಸುರಕ್ಷತಾ ನಿಯಮ. ಎಚ್ಚರಿಕೆ ಇರುತ್ತದೆ, ಆದರೆ ಇಂಗ್ಲಿಷಿನಲ್ಲಿ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ, ಬಹುಪಾಲು ಪೊಟ್ಟಣ ಮಡಚುವ ಜಾಗದಲ್ಲಿ ಇರುತ್ತದೆ. ಕನ್ನಡದಲ್ಲಿಯೂ ಅದನ್ನು ಅಚ್ಚು ಹಾಕಿಸಿದರೆ ಯಾರಿಗೂ ನಷ್ಟವಾಗದು. ಅಲ್ಲಿಯವರೆಗೆ ಅಂಕಿಗಳನ್ನು ನೆನಪಿಡಿ, ಅಂಕಿಯನ್ನು ಅಜ್ಜಿಯೂ ಓದಬಲ್ಲರು. ಪದಾರ್ಥಗಳ ಪಟ್ಟಿಯಲ್ಲಿ 951 ಕಂಡರೆ ಅದು ಆಸ್ಪಾರ್ಟೇಮ್. 962 ಕಂಡರೆ ಆಸ್ಪಾರ್ಟೇಮನ್ನು ಅಸಿಸಲ್ಫೇಮ್ ಜೊತೆ ಬೆಸೆದ ಲವಣ. ಇವೆರಡೂ ನಿಮ್ಮ ಮಗಳಿಗೆ ಬೇಡ. 961 ಎಂದರೆ ನಿಯೋಟೇಮ್, 969 ಎಂದರೆ ಅಡ್ವಾಂಟೇಮ್. ಇವೂ ಆಸ್ಪಾರ್ಟೇಮಿನ ವಂಶದವೇ, ಆದರೆ ಸಕ್ಕರೆಗಿಂತ ಸಾವಿರಾರು ಪಟ್ಟು ಸಿಹಿಯಾಗಿರುವುದರಿಂದ ಬಳಸುವ ಪ್ರಮಾಣ ಎಷ್ಟು ಕಡಿಮೆಯೆಂದರೆ ಅವುಗಳಿಂದ ಬರುವ ಫೀನೈಲಲನೀನ್ ಲೆಕ್ಕಕ್ಕೇ ಬರುವುದಿಲ್ಲ. 950 (ಅಸಿಸಲ್ಫೇಮ್), 954 (ಸ್ಯಾಕರಿನ್), 955 (ಸುಕ್ರಲೋಸ್), 960 (ಸ್ಟೀವಿಯಾ) ಇವುಗಳಲ್ಲಿ ಫೀನೈಲಲನೀನ್ ಇಲ್ಲವೇ ಇಲ್ಲ. ಪ್ರೋಟೀನಿಗೆ ಬದಲಾಗಿ ಅವಳು ಕುಡಿಯುವ, ಫೀನೈಲಲನೀನ್ ಇಲ್ಲದ ಅಮೈನೋ ಆಮ್ಲಗಳ ಪುಡಿಯ ಕಹಿಯನ್ನು ಮರೆಸಲು ತಯಾರಕರೇ ಸುಕ್ರಲೋಸ್ ಅಥವಾ ಅಸಿಸಲ್ಫೇಮ್ ಬೆರೆಸುವುದುಂಟು.

ಹಾಗಾದರೆ ಈ ಸುರಕ್ಷಿತ ಸಿಹಿಕಾರಕಗಳನ್ನು ಅವಳಿಗೆ ಧಾರಾಳವಾಗಿ ಕೊಡಬಹುದೇ ಎಂದರೆ, ಕೊಡುವ ಅಗತ್ಯವೇನಿದೆ ಎಂಬುದು ನನ್ನ ಮರುಪ್ರಶ್ನೆ. ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲವೆಂದು ಪೊಟ್ಟಣದ ಮೇಲೆಯೇ ಬರೆದಿರುತ್ತದೆ. ತೂಕ ಇಳಿಸಲು ಸಕ್ಕರೆಯೇತರ ಸಿಹಿಕಾರಕಗಳನ್ನು ನೆಚ್ಚಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ನಿಮ್ಮ ಮಗಳಿಗೆ ಬೇಕಾಗಿರುವುದು ಸಿಹಿಯ ಜೊತೆಗೆ ಬರುವ ಶಕ್ತಿ, ಅದು ಸಕ್ಕರೆಯಲ್ಲಿದೆ. ಹಲ್ಲು ಹುಳುಕಾಗುವುದು ಈ ಮಕ್ಕಳಲ್ಲಿ ನಿಜವಾದ ತೊಂದರೆ; ಆ ಕಾರಣಕ್ಕೆ ಊಟದ ನಡುವಿನ ಪಾನೀಯಕ್ಕೆ ಸುಕ್ರಲೋಸ್ ಬಳಸಿದರೆ ತಪ್ಪಿಲ್ಲ. ರಾತ್ರಿ ಹಲ್ಲುಜ್ಜಿಸುವುದು ಅದಕ್ಕಿಂತ ಅಗ್ಗ.

ಈಗ ಮದುವೆಯ ಮೈಸೂರು ಪಾಕ್. ಈ ಪ್ರಶ್ನೆಗೆ ಉತ್ತರ ಬರೆಯಲು ಲೆಕ್ಕ ಹಾಕಿದಾಗ ನಾನೇ ಎರಡು ಸಲ ಪರೀಕ್ಷಿಸಿ ನೋಡಿದೆ. ಕೃತಕ ಸಿಹಿಕಾರಕ ಹಾಕಬಹುದಾದ ತಿನಿಸುಗಳ ಪಟ್ಟಿಯಲ್ಲಿ, 2011ರ ಆಹಾರ ಸುರಕ್ಷತಾ ನಿಯಮಗಳು ಹಲ್ವ, ಜಿಲೇಬಿ, ಪೇಡಗಳ ಜೊತೆಗೆ ನಮ್ಮ ಮೈಸೂರು ಪಾಕನ್ನೂ ಹೆಸರಿಟ್ಟೇ ಸೇರಿಸಿವೆ. ಆಸ್ಪಾರ್ಟೇಮಿಗೆ ಅಲ್ಲಿ ವಿಧಿಸಿರುವ ಮಿತಿ ಕೆ.ಜಿ.ಗೆ 200 ಮಿ.ಗ್ರಾಂ. ಐವತ್ತು ಗ್ರಾಂನ ಒಂದು ತುಂಡಿಗೆ ಹೆಚ್ಚೆಂದರೆ 10 ಮಿ.ಗ್ರಾಂ ಬರುತ್ತದೆ, ಅದರಲ್ಲಿ ಫೀನೈಲಲನೀನ್ ಆರು ಮಿ.ಗ್ರಾಂ ಕೂಡ ಇಲ್ಲ. ಆದರೆ ಅದೇ ತುಂಡಿನಲ್ಲಿ ಸುಮಾರು 10 ಗ್ರಾಂ ಕಡಲೆಹಿಟ್ಟು ಇರುತ್ತದೆ. ಕಡಲೆಹಿಟ್ಟಿನ ತೂಕದಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್. ಒಂದು ಗ್ರಾಂ ಪ್ರೋಟೀನಿಗೆ ಸರಾಸರಿ 50 ಮಿ.ಗ್ರಾಂ ಫೀನೈಲಲನೀನ್ ಎಂಬ ನಮ್ಮ ರೂಢಿಯ ಲೆಕ್ಕದಂತೆ, ಹಿಟ್ಟಿನಿಂದಲೇ 100 ಮಿ.ಗ್ರಾಂ ದಾಟುತ್ತದೆ. ಸಕ್ಕರೆ ಹಾಕಿದರೂ ಸರಿ, ಹಾಕದಿದ್ದರೂ ಸರಿ, ಮೈಸೂರು ಪಾಕಿನಲ್ಲಿ ನಿಮ್ಮ ಮಗಳು ಅಂಜಬೇಕಾದದ್ದು ಕಡಲೆಹಿಟ್ಟಿಗೆ. ಸಕ್ಕರೆರಹಿತ ತುಂಡು ಅವಳಿಗೆ ಹೆಚ್ಚು ಸುರಕ್ಷಿತವೆಂದು ಯಾರಾದರೂ ಹೇಳಿದರೆ ಮಾತು ತಿರುಗುಮುರುಗಾಗಿದೆ: ಅದರಲ್ಲಿ ಕಡಲೆಹಿಟ್ಟು ಹಾಗೆಯೇ ಉಳಿದು, ನಿರಪಾಯಿಯಾದ ಸಕ್ಕರೆ ಮಾತ್ರ ಹೊರಬಿದ್ದಿರುತ್ತದೆ. ಅಲ್ಲದೆ ಬಿಡಿಯಾಗಿ ತೂಗಿ ಕೊಡುವ ಮಿಠಾಯಿಗೆ ಪದಾರ್ಥಗಳ ಪಟ್ಟಿಯಿರುವುದಿಲ್ಲ. ಕೇಳಿದರೆ ಕಟ್ಟೆಯ ಹಿಂದಿನ ಹುಡುಗ ಶುಗರ್ ಹಾಕಿಲ್ಲ ಎಂದಷ್ಟೇ ಹೇಳುತ್ತಾನೆ.

ಎಳೆಯ ಹುಡುಗಿ, ಮನೆಯ ಮದುವೆ. ಪೂರ್ತಿ ಬೇಡವೆನ್ನಲು ನನಗೂ ಮನಸ್ಸಿಲ್ಲ. ಆ ದಿನ ಅರ್ಧ ತುಂಡು ತಿನ್ನಲೇಬೇಕೆಂದಿದ್ದರೆ 50ರಿಂದ 60 ಮಿ.ಗ್ರಾಂ ಎಂದು ಪುಸ್ತಕದಲ್ಲಿ ಬರೆದು, ಊಟದ ಅನ್ನದಲ್ಲಿ ಅಷ್ಟನ್ನು ಕಳೆಯಿರಿ. ಅದಕ್ಕಿಂತ ಒಳ್ಳೆಯದೆಂದರೆ ಸಬ್ಬಕ್ಕಿಯನ್ನು ನೀರಿನಲ್ಲಿ ಬೇಯಿಸಿ ಸಕ್ಕರೆ, ತುಪ್ಪ, ಏಲಕ್ಕಿ ಹಾಕಿ ಮಾಡಿದ ಕೇಸರಿಬಣ್ಣದ ಹಲ್ವವನ್ನು ಅಡುಗೆಯವರಿಂದ ಒಂದು ಬಟ್ಟಲು ಬೇರೆಯಾಗಿ ಮಾಡಿಸಿ. ಸಂಕ್ರಾಂತಿಯಲ್ಲಿಯೂ ಇದೇ ತರ್ಕ. ಎಳ್ಳುಬೆಲ್ಲದ ಪೊಟ್ಟಣದಲ್ಲಿ ಎಳ್ಳು, ಕಡಲೆಬೀಜ, ಹುರಿಗಡಲೆ ಮೂರೂ ಅವಳ ಲೆಕ್ಕವನ್ನು ಮುಗಿಸಿಬಿಡುವ ವಸ್ತುಗಳು. ಪಕ್ಕದಲ್ಲಿರುವ ಸಕ್ಕರೆ ಅಚ್ಚು, ಬೆಲ್ಲದ ಚೂರು, ಕಬ್ಬಿನ ಜಲ್ಲೆ ಅವಳವು. ಎಳ್ಳು ಬೀರಲು ಹೋದಾಗ ಆರತಿ ತಟ್ಟೆಯಷ್ಟು ಸಕ್ಕರೆ ಅಚ್ಚು ಅವಳ ಪಾಲಿಗೆ ಬಂದರೆ ಯಾರೂ ತಡೆಯಬೇಡಿ.

ಕಾಫಿಯಲ್ಲಿಯೂ ಇದೇ ಲೆಕ್ಕವೆಂಬುದನ್ನು ಗಮನಿಸಿ. ನೂರು ಮಿ.ಲೀ. ಹಾಲಿನಲ್ಲಿ ಸುಮಾರು 160 ಮಿ.ಗ್ರಾಂ ಫೀನೈಲಲನೀನ್ ಇದೆ. ಅಜ್ಜಿ ಹಾಲನ್ನು ಅಳೆದೇ ಹಾಕಿದರೆಂದು ನೀವು ಬರೆದಿದ್ದೀರಿ, ಒಳ್ಳೆಯದಾಯಿತು. ಕೈ ಸ್ವಲ್ಪ ಧಾರಾಳವಾಗಿ 25 ಮಿ.ಲೀ. ಹೆಚ್ಚಿಗೆ ಬಿದ್ದಿದ್ದರೂ ಅದು ದಿನದ ನಾಲ್ಕು ಮಾತ್ರೆಗೆ ಸಮವಾಗುತ್ತಿತ್ತು. ಅಳೆದದ್ದು ಯಾವ ಲೋಟದಲ್ಲಿ ಎಂದು ಒಮ್ಮೆ ವಿಚಾರಿಸಿ. ನಿಮ್ಮ ಮನೆಯ ಲೋಟಕ್ಕೂ ಅವರ ಮನೆಯ ಲೋಟಕ್ಕೂ ವ್ಯತ್ಯಾಸವಿದ್ದೀತು.

ಮೈಸೂರಿನ ಹುಡುಗನ ವಿಷಯ. ನಿಮ್ಮ ಮಗಳಿಗೂ ಅವನಿಗೂ ಇರುವುದು ಒಂದೇ ಜಾತಿಯ ಕಾಯಿಲೆ ಎಂಬುದು ಅರ್ಧ ಸರಿ. ಇಬ್ಬರಲ್ಲಿಯೂ ಹುಟ್ಟಿನಿಂದ ಒಂದು ಕಿಣ್ವ ಕೆಲಸ ಮಾಡುವುದಿಲ್ಲ, ಆದರೆ ಕಿಣ್ವಗಳು ಬೇರೆ. ಅವನಿಗಿರುವ ಆನುವಂಶಿಕ ಫ್ರಕ್ಟೋಸ್ ಅಸಹಿಷ್ಣುತೆಯಲ್ಲಿ ಆಲ್ಡೋಲೇಸ್ ಬಿ ಎಂಬ ಕಿಣ್ವ ಇಲ್ಲದಿರುವುದರಿಂದ ಫ್ರಕ್ಟೋಸ್ ಅರ್ಧಕ್ಕೇ ನಿಂತು ಯಕೃತ್ತನ್ನು ಹಾಳುಗೆಡಹುತ್ತದೆ, ರಕ್ತದ ಗ್ಲೂಕೋಸನ್ನು ಹಠಾತ್ತನೆ ಇಳಿಸುತ್ತದೆ. ಸಕ್ಕರೆಯ ಅರ್ಧಭಾಗ ಫ್ರಕ್ಟೋಸ್. ಆದ್ದರಿಂದ ನಿಮ್ಮ ಮಗಳಿಗೆ ನಿರಪಾಯವಾದ ಸಕ್ಕರೆ, ಬೆಲ್ಲ, ಕಬ್ಬಿನ ಹಾಲು, ಜೇನು ಅವನಿಗೆ ಅಪಾಯ. ನಿಮ್ಮ ಮಗಳಿಗೆ ಬೇಡವಾದ ಆಸ್ಪಾರ್ಟೇಮ್ ಅವನಿಗೆ ಆಗುತ್ತದೆ. ಅವನ ವೈದ್ಯರು ಹೇಳಿದ್ದು ಸರಿಯಾಗಿಯೇ ಇದೆ. ಈ ಮಕ್ಕಳಲ್ಲಿ ಅನೇಕರು ಚಿಕ್ಕಂದಿನಿಂದಲೂ ಸಿಹಿ ಕಂಡರೆ ಮುಖ ತಿರುಗಿಸುತ್ತಾರೆ, ಹಲ್ಲುಗಳು ಒಂದೂ ಹುಳುಕಿಲ್ಲದೆ ಹೊಳೆಯುತ್ತಿರುತ್ತವೆ.

ಆದರೆ ಆ ಕುಟುಂಬಕ್ಕೆ ನಿಮ್ಮ ಮೂಲಕ ಒಂದು ಮಾತು ತಲುಪಿಸಬೇಕಾಗಿದೆ, ಇದು ನಿಮ್ಮ ಮಗಳ ಮಾತ್ರೆಗಿಂತ ಗಂಭೀರವಾದದ್ದು. ಸಕ್ಕರೆರಹಿತ ಎಂದು ಬರೆದ ಬಿಸ್ಕತ್ತು, ಚಾಕೊಲೇಟ್, ಚೂಯಿಂಗ್ ಗಮ್, ಮಧುಮೇಹಿಗಳ ಮಿಠಾಯಿಗಳಲ್ಲಿ ಸಕ್ಕರೆಯ ಗಾತ್ರವನ್ನು ತುಂಬಲು ಸಾರ್ಬಿಟಾಲ್ ಎಂಬ ಸಕ್ಕರೆ ಮದ್ಯಸಾರವನ್ನು ಬಳಸುತ್ತಾರೆ. ಹೆಸರಿನಲ್ಲಿ ಮದ್ಯವಿದ್ದರೂ ಅಮಲಿನ ಸಂಬಂಧವಿಲ್ಲ. ದೇಹದೊಳಗೆ ಸಾರ್ಬಿಟಾಲ್ ಫ್ರಕ್ಟೋಸ್ ಆಗಿಯೇ ಬದಲಾಗುತ್ತದೆ. ಸಕ್ಕರೆಯನ್ನು ಬಾಗಿಲಲ್ಲಿ ತಡೆದು ಕಿಟಕಿಯಿಂದ ಒಳಗೆ ಬಿಟ್ಟಂತೆ ಇದು. ಆ ಹುಡುಗನ ಮನೆಯವರು ನೋಡಬೇಕಾದ ಅಂಕಿಗಳು 420 (ಸಾರ್ಬಿಟಾಲ್), 953 (ಐಸೊಮಾಲ್ಟ್), 965 (ಮಾಲ್ಟಿಟಾಲ್), 966 (ಲ್ಯಾಕ್ಟಿಟಾಲ್). ಕೊನೆಯ ಮೂರೂ ಒಡೆದಾಗ ಸಾರ್ಬಿಟಾಲ್ ಕೊಡುತ್ತವೆ. ಮಕ್ಕಳ ಸಿರಪ್‌ಗಳಲ್ಲಿ ಸಾರ್ಬಿಟಾಲ್ ದ್ರಾವಣ ಬಹು ಸಾಮಾನ್ಯ, ಸಕ್ಕರೆಯಿಲ್ಲದ ಸಿರಪ್‌ನಲ್ಲಿ ಇನ್ನೂ ಸಾಮಾನ್ಯ. ರಕ್ತನಾಳಕ್ಕೆ ಹಾಕುವ ದ್ರಾವಣದಲ್ಲಿ ಫ್ರಕ್ಟೋಸ್ ಅಥವಾ ಸಾರ್ಬಿಟಾಲ್ ಇದ್ದರೆ ಪ್ರಾಣಕ್ಕೇ ಸಂಚಕಾರ. ಹಾಗೆ ಸಾವುಗಳಾಗಿರುವುದು ವೈದ್ಯಕೀಯ ದಾಖಲೆಗಳಲ್ಲಿದೆ. ಆ ಹುಡುಗನ ಜೇಬಿನಲ್ಲಿ, ಶಾಲೆಯ ಚೀಲದಲ್ಲಿ ಈ ವಿಷಯ ಬರೆದ ಚೀಟಿ ಸದಾ ಇರಬೇಕು. ಹೀಗಿರುವಾಗ ಇಬ್ಬರು ಮಕ್ಕಳೂ ಆಸ್ಪತ್ರೆಯ ಬೆಂಚಿನ ಮೇಲೆ ತಿಂಡಿ ಹಂಚಿಕೊಳ್ಳುವುದು ಬೇಡ, ಸ್ನೇಹಕ್ಕೆ ಅಡ್ಡಿಯಿಲ್ಲ.

ಇದೇ ಸಾಲಿನಲ್ಲಿ ಮೂರನೆಯ ಕಾಯಿಲೆಯೊಂದನ್ನೂ ಹೇಳಿಬಿಡುತ್ತೇನೆ, ಗ್ಯಾಲಕ್ಟೋಸೀಮಿಯ. ಹಾಲಿನ ಸಕ್ಕರೆ ಆಗದ ಈ ಮಕ್ಕಳಿಗೆ ಆಸ್ಪಾರ್ಟೇಮಾಗಲಿ ಸುಕ್ರಲೋಸ್ ಆಗಲಿ ಸಮಸ್ಯೆಯಲ್ಲ, ಮಾತ್ರೆಗೆ ಗಾತ್ರ ಕೊಡಲು ಸೇರಿಸಿದ ಲ್ಯಾಕ್ಟೋಸ್ ಸಮಸ್ಯೆ.

ಉಳಿದದ್ದು ನಿಮ್ಮ ಮಗ ಮತ್ತು ಅಜ್ಜಿ. ಪಿಕೆಯು ಬರಬೇಕಾದರೆ ಕೆಟ್ಟ ಜೀನ್ ತಂದೆಯಿಂದಲೂ ತಾಯಿಯಿಂದಲೂ ಬರಬೇಕು. ನೀವಿಬ್ಬರೂ ಒಂದೊಂದು ಕೆಟ್ಟ ಪ್ರತಿಯ ವಾಹಕರು. ಆರೋಗ್ಯವಾಗಿರುವ ಮಗ ವಾಹಕನಾಗಿರುವ ಸಂಭವ ಮೂರರಲ್ಲಿ ಎರಡು. ವಾಹಕರಲ್ಲಿ ಕಿಣ್ವದ ಕೆಲಸ ಅರ್ಧ ಕುಂದಿದ್ದರೂ ಉಳಿದರ್ಧವೇ ಸಾಕಾಗುವುದರಿಂದ, ಸಾಮಾನ್ಯ ಬಳಕೆಯ ಆಸ್ಪಾರ್ಟೇಮ್ ಅವರಿಗೆ ತೊಂದರೆ ಮಾಡುವುದಿಲ್ಲ. ಆರೋಗ್ಯವಂತರಿಗೆ ದಿನಕ್ಕೆ ದೇಹದ ಪ್ರತಿ ಕೆ.ಜಿ. ತೂಕಕ್ಕೆ 40 ಮಿ.ಗ್ರಾಂವರೆಗೆ ನಿರಪಾಯವೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 1981ರಲ್ಲಿ ಹೇಳಿತ್ತು. 2023ರ ಜುಲೈನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದು ಆಸ್ಪಾರ್ಟೇಮನ್ನು ಬಹುಶಃ ಕ್ಯಾನ್ಸರ್‌ಕಾರಿಯಾಗಿರಬಹುದಾದವುಗಳ ಪಟ್ಟಿಗೆ ಸೇರಿಸಿದಾಗ ಪತ್ರಿಕೆಗಳಲ್ಲಿ ಗದ್ದಲವಾಯಿತು. ಅದೇ ದಿನಗಳಲ್ಲಿ ಈ ಜಂಟಿ ಸಮಿತಿ ಸಾಕ್ಷ್ಯಗಳನ್ನು ಮರಳಿ ನೋಡಿ 40ರ ಮಿತಿಯನ್ನು ಬದಲಿಸದೆ ಉಳಿಸಿತು. ಅರವತ್ತು ಕೆ.ಜಿ.ಯ ಅಜ್ಜಿ ಆ ಮಿತಿ ಮುಟ್ಟಲು ದಿನಕ್ಕೆ ನೂರಮೂವತ್ತಕ್ಕೂ ಹೆಚ್ಚು ಮಾತ್ರೆ ನುಂಗಬೇಕು. ಈ ಮಿತಿ ಪಿಕೆಯು ಇರುವವರಿಗೆ ಅನ್ವಯಿಸುವುದಿಲ್ಲ. ಯಾರಾದರೂ ಇದನ್ನು ತೋರಿಸಿ ನಿಮ್ಮ ಮಗಳಿಗೂ ಪರವಾಗಿಲ್ಲವೆಂದರೆ ಒಪ್ಪಬೇಡಿ.

ಆದ್ದರಿಂದ ಅಜ್ಜಿ ಮಾತ್ರೆ ಬಿಡಬೇಕಿಲ್ಲ. ಆದರೂ ಒಂದೇ ಅಡುಗೆಮನೆಯಲ್ಲಿ ಎರಡು ಬಗೆಯ ಡಬ್ಬಿಗಳಿದ್ದರೆ ಇಂದಲ್ಲ ನಾಳೆ ಅದಲುಬದಲಾಗುತ್ತದೆ. ಮುಂದಿನ ಡಬ್ಬಿ ತರುವಾಗ ಸುಕ್ರಲೋಸಿನದನ್ನು ತಂದುಕೊಡಿ, ಅಜ್ಜಿಯ ಸಕ್ಕರೆ ಕಾಯಿಲೆಗೆ ಅದೂ ಇಷ್ಟೇ ಒಗ್ಗುತ್ತದೆ.

ಮಗಳು ಇನ್ನು ಕೆಲವೇ ವರ್ಷಗಳಲ್ಲಿ ಹಾಸ್ಟೆಲ್, ಕಾಲೇಜು ಎಂದು ನಿಮ್ಮ ಕಣ್ಣಳತೆಯಿಂದ ಹೊರಗೆ ಹೋಗುತ್ತಾಳೆ. ಈ ಲೆಕ್ಕವನ್ನು ಈಗಿನಿಂದಲೇ ಅವಳ ಕೈಗೆ ಕೊಡಿ. ಅದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ತಾಯಿಯೇ ಹೇಳುವುದು ಒಳ್ಳೆಯದು: ಪಿಕೆಯು ಇರುವ ಹೆಣ್ಣುಮಗಳು ಗರ್ಭಿಣಿಯಾದಾಗ ಮಟ್ಟ 6ನ್ನು ಮೀರಿದ್ದರೆ, ಮಗುವಿಗೆ ಪಿಕೆಯು ಇಲ್ಲದಿದ್ದರೂ ಅದರ ಮಿದುಳು ಹೃದಯಗಳ ಬೆಳವಣಿಗೆ ಕೆಡುತ್ತದೆ. ಗರ್ಭ ನಿಲ್ಲುವ ಮೊದಲೇ ಮಟ್ಟ ಇಳಿದಿರಬೇಕು. ಇಷ್ಟು ಎಳೆಯ ವಯಸ್ಸಿನಲ್ಲಿ ಏಕೆ ಹೇಳಬೇಕೆಂದು ಅನೇಕ ತಂದೆತಾಯಿಯರು ಹಿಂಜರಿಯುತ್ತಾರೆ. ತಡವಾಗಿ ತಿಳಿದು ಅತ್ತವರನ್ನು ಕಂಡಿರುವುದರಿಂದ ನಾನು ಹಿಂಜರಿಯುವುದಿಲ್ಲ.

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು. ಇಂದಿನಿಂದ ಸಕ್ಕರೆ ಹಾಕಿದ ಕಾಫಿ, ಹಳೆಯ ಅಳತೆಯ ಊಟ, ಹಳೆಯಂತೆಯೇ ದಿನಕ್ಕೆ ಮೂರು ಬಾರಿ ಅಮೈನೋ ಆಮ್ಲದ ಪುಡಿ. ಮಟ್ಟ ಬೇಗ ಇಳಿಯಲೆಂದು ಅನ್ನವನ್ನು ಪೂರ್ತಿ ನಿಲ್ಲಿಸಬೇಡಿ, ಪುಡಿಯನ್ನು ಇಮ್ಮಡಿ ಮಾಡಬೇಡಿ. ಒಂದು ವಾರ ಕಳೆದ ಮೇಲೆ ಬೆಳಿಗ್ಗೆ ಏನನ್ನೂ ತಿನ್ನುವ ಮುನ್ನ, ಪುಡಿಯನ್ನು ಕುಡಿಯುವುದಕ್ಕೂ ಮುನ್ನ, ಕಾಗದದ ಮೇಲೆ ರಕ್ತದ ಹನಿ ತೆಗೆದು ಕಳುಹಿಸಿ. ಜೊತೆಗೆ ಆ ದಿನದ ತೂಕವನ್ನೂ ಅಜ್ಜಿಯ ಮನೆಗೆ ಹೋಗುವ ಮುಂಚಿನ ತೂಕವನ್ನೂ ಬರೆದು ನಿಮ್ಮ ವೈದ್ಯರಿಗೆ ತೋರಿಸಿ. ಆಗಲೂ ಮಟ್ಟ 6ಕ್ಕಿಂತ ಮೇಲಿದ್ದರೆ ಮಾತ್ರೆಯನ್ನೂ ಅಜ್ಜಿಯನ್ನೂ ಬಿಟ್ಟು ಬೇರೆ ಕಡೆ ಹುಡುಕಬೇಕಾಗುತ್ತದೆ. ಹದಿಮೂರರಲ್ಲಿ ಮೈ ಬೆಳೆಯುವ ವೇಗ ಬದಲಾಗುವುದರಿಂದ 300ರ ಮಿತಿಯನ್ನೇ ಮತ್ತೊಮ್ಮೆ ಲೆಕ್ಕ ಹಾಕುವ ಹೊತ್ತು ಬಂದಿರಲೂಬಹುದು.